ಅಂಟಿಸಿದ ಲಕೋಟೆ: ಕೈದಿ ತನ್ನ ವಕೀಲರಿಗೆ ಬರೆಯುವ ಕಾಗದದ ಕಥೆ



ನಮ್ಮ ಹಿರಿಯರಲ್ಲಿ ಒಂದು ಮರ್ಯಾದೆಯಿತ್ತು. ಊರಿಗೆ ಹೊರಟವರ ಕೈಯಲ್ಲಿ ಕಾಗದ ಕೊಟ್ಟು ಕಳಿಸುವಾಗ ಲಕೋಟೆಯ ಬಾಯನ್ನು ಅಂಟಿಸುತ್ತಿರಲಿಲ್ಲ. ‘ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ’ ಎಂದು ಬಾಯಿಬಿಟ್ಟು ಹೇಳದೆ ಹೇಳುವ ರೀತಿ ಅದು. ತೆಗೆದುಕೊಂಡು ಹೋಗುವವರೂ ಅಷ್ಟೇ ಮರ್ಯಾದೆಯಿಂದ, ಕೊಟ್ಟವರ ಕಣ್ಣೆದುರಿಗೇ ಅದನ್ನು ಅಂಟಿಸಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಇಮೇಲ್ ಬರುವುದಕ್ಕೆ ಮುಂಚೆ ಕೊಲ್ಲಿಗೆ ಬಂದ ನಮ್ಮವರ ಎಷ್ಟೋ ಕಾಗದಗಳು ಹೀಗೆಯೇ ಪರಿಚಿತರ ಸೂಟ್‌ಕೇಸುಗಳಲ್ಲಿ ಸಮುದ್ರ ದಾಟಿದವು.

ಆದರೆ ತೆರೆದ ಲಕೋಟೆ ಮರ್ಯಾದೆ ಎನಿಸಿಕೊಳ್ಳುವುದು, ಬೇಕಿದ್ದರೆ ಅಂಟಿಸಬಹುದು ಎಂಬ ಸ್ವಾತಂತ್ರ್ಯ ಬರೆದವನಿಗೆ ಇದ್ದಾಗ ಮಾತ್ರ. ಆ ಸ್ವಾತಂತ್ರ್ಯವೇ ಇಲ್ಲದ ಒಂದು ಜಾಗವಿದೆ. ಅದು ಜೈಲು. ಅಲ್ಲಿ ಬರೆದ ಕಾಗದ ಮೊದಲು ಜೈಲಿನ ಕಚೇರಿಯ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಅಂಚೆಗೆ ಹೋಗುತ್ತದೆ. ಹೆಂಡತಿಗೆ ಬರೆದದ್ದನ್ನು ಬೇರೆಯವರು ಓದಿದರೆ ಸಂಕೋಚವಾಗುತ್ತದೆ, ಬೇಸರವಾಗುತ್ತದೆ. ವಕೀಲರಿಗೆ ಬರೆದದ್ದನ್ನು ಓದಿದರೆ ಮೊಕದ್ದಮೆಯೇ ಕೈತಪ್ಪಬಹುದು. ಅದಕ್ಕಿಂತ ಕಷ್ಟದ ಮಾತೆಂದರೆ, ದೂರು ಇರುವುದು ಜೈಲಿನ ಸಿಬ್ಬಂದಿಯ ಮೇಲೆಯೇ ಆದರೆ ಅದನ್ನು ಮೊದಲು ಓದುವವರೂ ಅವರೇ. ಬೇಲಿಯೇ ಹೊಲ ಮೇಯುವುದಷ್ಟೇ ಅಲ್ಲ, ಹೊಲದವನು ಬರೆದ ದೂರನ್ನೂ ಬೇಲಿಯ ಕೈಗೇ ಕೊಡಬೇಕು!

ನಾನು ಕಾನೂನು ಓದಿದವನಲ್ಲ, ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಆದರೂ ಒಂದು ಸಂದೇಶವನ್ನು ಯಾರು ತೆರೆಯಬಹುದು, ಯಾರು ತೆರೆಯದೆ ಮುಂದಕ್ಕೆ ದಾಟಿಸಬೇಕು ಎಂಬುದು ನನ್ನ ಕಸುಬಿನ ದಿನನಿತ್ಯದ ಪ್ರಶ್ನೆ. ಹಾಗಾಗಿ ಹಳೆಯ ತೀರ್ಪುಗಳನ್ನು ಓದುವ ಚಟ ಹತ್ತಿಕೊಂಡಾಗ ನನ್ನ ಕಣ್ಣು ಈ ಲಕೋಟೆಯ ಮೇಲೆಯೇ ನಿಂತಿತು. ಓದುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. ನಮ್ಮ ದೇಶದ ಬಂಧನದ ಕಾನೂನುಗಳಲ್ಲಿ ‘ಗೌಪ್ಯ’ ಎಂಬ ಮೊಹರು ಪದೇ ಪದೇ ಬಿದ್ದದ್ದು ಸರ್ಕಾರದ ಕಾಗದದ ಮೇಲೆ. ಕೈದಿಯ ಕಾಗದಕ್ಕೆ ಆ ಮೊಹರು ಬೀಳಲು ಬಹಳ ಕಾಲ ಬೇಕಾಯಿತು, ಇನ್ನೂ ಪೂರ್ತಿ ಬಿದ್ದಿಲ್ಲ. ಈ ಕಥೆಯ ಕೆಲವು ಮುಖ್ಯ ಪುಟಗಳು ನಮ್ಮ ಬೆಂಗಳೂರಿನ ಹಳೆಯ ಜೈಲಿಗೆ, ಧಾರವಾಡಕ್ಕೆ, ಕಾಸರಗೋಡಿಗೆ ಸೇರಿದವು.

ಶುರು ಮಾಡಬೇಕಾದ್ದು 1894ರಿಂದ. ಆ ವರ್ಷ ಬ್ರಿಟಿಷ್ ಸರ್ಕಾರ ಮಾಡಿದ ಕಾರಾಗೃಹ ಕಾಯಿದೆಯ 40ನೇ ಪ್ರಕರಣದಲ್ಲಿ ಒಂದು ಒಳ್ಳೆಯ ಮಾತಿದೆ. ವಿಚಾರಣಾಧೀನ ಕೈದಿ ತನ್ನ ವಕೀಲರನ್ನು, ನ್ಯಾಯದ ಹಿತಕ್ಕೆ ಒಪ್ಪುವ ಮಟ್ಟಿಗೆ, ಮೂರನೆಯವರ ಹಾಜರಿ ಇಲ್ಲದೆ ಕಾಣುವಂತೆ ನೋಡಿಕೊಳ್ಳಬೇಕು ಎಂದು. ಗುಲಾಮ ದೇಶಕ್ಕೆ ಬರೆದ ಕಾನೂನಿನಲ್ಲಿ ಇಷ್ಟಾದರೂ ಇತ್ತಲ್ಲ ಎಂದು ಆಶ್ಚರ್ಯವಾಗುತ್ತದೆ. ಆದರೆ ಗಮನಿಸಿ, ಅಲ್ಲಿರುವುದು ಮುಖಾಮುಖಿ ಭೇಟಿಯ ಮಾತು, ಅದೂ ವಿಚಾರಣಾಧೀನರಿಗೆ. ವಕೀಲರನ್ನು ಕರೆಸಿಕೊಳ್ಳುವಷ್ಟು ಶಕ್ತಿ ಇಲ್ಲದವನಿಗೆ, ಊರಿಂದ ನೂರಾರು ಮೈಲಿ ದೂರದ ಜೈಲಿನಲ್ಲಿರುವವನಿಗೆ, ಕಾಗದವೊಂದೇ ದಾರಿ. ಆ ಕಾಗದದ ಬಗ್ಗೆ ಅಲ್ಲಿ ಮಾತಿಲ್ಲ. 1872ರ ಸಾಕ್ಷ್ಯ ಕಾಯಿದೆಯೂ ಕಕ್ಷಿದಾರ ಹೇಳಿದ್ದನ್ನು ವಕೀಲರು ಹೊರಗೆ ಹೇಳಕೂಡದೆಂದು ಕಟ್ಟುಮಾಡಿತು (2024ರ ಜುಲೈಯಿಂದ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವಿದೆ, ಈ ಕಟ್ಟು ಅದರಲ್ಲೂ ಉಳಿದಿದೆ). ವಕೀಲರ ಬಾಯಿಗೆ ಬೀಗ ಬಿತ್ತು, ಸರಿ. ಕಕ್ಷಿದಾರನ ಮಾತು ವಕೀಲರ ಕಿವಿಗೆ ತಲುಪುವ ಮುನ್ನವೇ ನಾಲ್ಕು ಕೈ ದಾಟಿ ಬಂದಿದ್ದರೆ ಆ ಬೀಗದಿಂದ ಏನು ಪ್ರಯೋಜನ?

1950ರಲ್ಲಿ ಸಂವಿಧಾನ ಬಂತು. 22ನೇ ವಿಧಿಯ ಮೊದಲ ಖಂಡ, ಬಂಧಿತನಾದ ಯಾರಿಗೇ ಆಗಲಿ ತಾನು ಆರಿಸಿದ ವಕೀಲರ ಸಲಹೆ ಪಡೆಯುವ ಹಕ್ಕು ಕೊಟ್ಟಿತು. ಮೂರನೆಯ ಖಂಡ ಅದೇ ಹಕ್ಕನ್ನು ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಇಲ್ಲ ಎಂದಿತು! ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ತೆಗೆದುಕೊಂಡ ಹಾಗೆ.

ಇದರ ಮೊದಲ ಪರೀಕ್ಷೆ ಅದೇ ವರ್ಷ ಆಯಿತು. ಎ. ಕೆ. ಗೋಪಾಲನ್ ಹೆಸರನ್ನು ಕಾಸರಗೋಡಿನಿಂದ ಬಂದ ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. 1957ರಿಂದ ಸತತ ಮೂರು ಚುನಾವಣೆಗಳಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಗೆದ್ದ ಕಮ್ಯುನಿಸ್ಟ್ ನಾಯಕರು ಅವರು. 1950ರಲ್ಲಿ ಮದರಾಸು ಸರ್ಕಾರದ ಬಂಧನದಲ್ಲಿದ್ದರು. ಆಗಿನ ಮುನ್ನೆಚ್ಚರಿಕೆ ಬಂಧನ ಕಾಯಿದೆಯ 14ನೇ ಪ್ರಕರಣ ಓದಿದರೆ ಇವತ್ತಿಗೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸರ್ಕಾರ ಬಂಧಿತನಿಗೆ, ‘ಇಂಥಿಂಥ ಕಾರಣಕ್ಕೆ ನಿನ್ನನ್ನು ಹಿಡಿದಿದ್ದೇವೆ’ ಎಂದು ಕಾಗದ ಕೊಡುತ್ತದೆ. ಆ ಕಾಗದದಲ್ಲಿ ಏನಿದೆ ಎಂದು ಅವನು ನ್ಯಾಯಾಲಯಕ್ಕೂ ಹೇಳುವಂತಿಲ್ಲ. ಸರ್ಕಾರದ ಅನುಮತಿ ಇಲ್ಲದೆ ಹೊರಗೆ ತಿಳಿಸಿದರೆ ಅದೇ ಒಂದು ಅಪರಾಧ. ಕೈಯಲ್ಲಿ ಕಾಗದವಿದೆ, ಓದಿಯೂ ಆಗಿದೆ, ಆದರೆ ಬಿಡಿಸಬಲ್ಲವರಿಗೆ ತೋರಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 1950ರ ಮೇ ತಿಂಗಳಲ್ಲಿ ಕಾಯಿದೆಯ ಉಳಿದ ಭಾಗವನ್ನು ಬಹುಮತದಿಂದ ಎತ್ತಿಹಿಡಿಯಿತು, ಗೋಪಾಲನ್ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಈ 14ನೇ ಪ್ರಕರಣವನ್ನು ಮಾತ್ರ ಕಿತ್ತುಹಾಕಿತು. ಕಾನೂನು ಕಾಲೇಜುಗಳಲ್ಲಿ ಆ ತೀರ್ಪನ್ನು ಪಾಠ ಮಾಡುವುದು 21ನೇ ವಿಧಿಯನ್ನು ಇಕ್ಕಟ್ಟಾಗಿ ಓದಿದ್ದಕ್ಕೆ. ನನಗೆ ಮುಖ್ಯವೆನಿಸುವುದು ಈ ಸಣ್ಣ ಗೆಲುವು. ಕೈದಿ ತನ್ನ ಕೈಲಿರುವ ಕಾಗದವನ್ನು ಕೋರ್ಟಿಗೆ ತೋರಿಸಬಹುದು ಎಂಬಷ್ಟಾದರೂ ಅಲ್ಲಿ ಖಾತ್ರಿಯಾಯಿತು.

ನಡುವೆ 1965ರ ಒಂದು ಪ್ರಕರಣ ಇದೆ, ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮುಂಬಯಿಯಲ್ಲಿ ಬಂಧನದಲ್ಲಿದ್ದ ಪ್ರಭಾಕರ ಸಂಝಗಿರಿ ಎಂಬವರು ಅಣುವಿನ ಒಳರಚನೆಯ ಬಗ್ಗೆ ಮರಾಠಿಯಲ್ಲಿ ಒಂದು ವಿಜ್ಞಾನ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಪ್ರಕಟಣೆಗೆ ಹೊರಗೆ ಕಳಿಸಲು ಸರ್ಕಾರ ಬಿಡಲಿಲ್ಲ. ನಿಯಮದಲ್ಲಿ ಕಳಿಸಬಾರದು ಎಂದು ಇಲ್ಲದ ಮೇಲೆ ತಡೆಯುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಎಲೆಕ್ಟ್ರಾನಿನ ಬಗ್ಗೆ ಬರೆದ ಪುಟಗಳಿಂದ ದೇಶದ ರಕ್ಷಣೆಗೆ ಏನು ಅಪಾಯ ಬರುತ್ತಿತ್ತೋ ಆ ಅಧಿಕಾರಿಗಳಿಗೇ ಗೊತ್ತು.

ಈಗ ಬೆಂಗಳೂರು. ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು ನಿಮಗೆ ನೆನಪಿದೆಯಲ್ಲ? 1860ರ ದಶಕದ ಕಟ್ಟಡ. ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಅದು ಫ್ರೀಡಂ ಪಾರ್ಕ್ ಆಯಿತು. ಈಗ ಅಲ್ಲಿ ಧರಣಿ ಕೂರುತ್ತಾರೆ, ಬೆಳಗ್ಗೆ ವಾಯುವಿಹಾರ ಮಾಡುತ್ತಾರೆ. 1975ರ ಜೂನ್ 26ರಂದು, ತುರ್ತು ಪರಿಸ್ಥಿತಿ ಘೋಷಣೆಯಾದ ಬೆನ್ನಿಗೇ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಇವರನ್ನೆಲ್ಲ ಹಿಡಿದು ಈ ಜೈಲಿಗೆ ತಂದರು. ಮರುದಿನ ಹೊರಟ ರಾಷ್ಟ್ರಪತಿಗಳ ಆದೇಶ 14, 21 ಮತ್ತು 22ನೇ ವಿಧಿಗಳ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವುದನ್ನೇ ತಡೆಹಿಡಿಯಿತು. ವಕೀಲರ ಸಲಹೆಯ ಹಕ್ಕು ಇದ್ದದ್ದು ಈ 22ರಲ್ಲೇ. ಮೀಸಾ ಕಾಯಿದೆಗೆ 16-ಎ ಎಂಬ ಪ್ರಕರಣ ಸೇರಿತು. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಸಬೇಕಾಗಿಲ್ಲ, ಅವು ಗೌಪ್ಯ, ಬಹಿರಂಗಪಡಿಸುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ. 1950ರಲ್ಲಿ ಕಾಗದ ಕೊಟ್ಟು ತೋರಿಸಬೇಡ ಎಂದರು. ಅದು ಬಿದ್ದುಹೋಯಿತು. 1975ರಲ್ಲಿ ಕಾಗದವನ್ನೇ ಕೊಡಲಿಲ್ಲ!

ಆದರೂ ಆ ನಾಲ್ವರು ಜೈಲಿನೊಳಗಿಂದಲೇ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರ ಪೀಠ ಅರ್ಜಿಗಳು ವಿಚಾರಣೆಗೆ ಯೋಗ್ಯ ಎಂದಿತು. ಆ ಕಾಲದಲ್ಲಿ ಹಾಗೆನ್ನಲು ಎದೆಗಾರಿಕೆ ಬೇಕಿತ್ತು. ಬಂಧಿತರ ಪರ ದುಡಿದ ವಕೀಲರಲ್ಲಿ ಎಂ. ರಾಮಾ ಜೋಯಿಸ್ ಒಬ್ಬರು. ಅವರನ್ನೂ ಸರ್ಕಾರ ಬಂಧಿಸಿ ಅದೇ ಜೈಲಿಗೆ ಹಾಕಿತು. ಕಕ್ಷಿದಾರ ಮತ್ತು ವಕೀಲ ಒಂದೇ ಆವರಣದಲ್ಲಿ! ಅವರ ನಡುವೆ ಓದಲಿಕ್ಕೆ ಲಕೋಟೆಯೇ ಉಳಿಯಲಿಲ್ಲ ಎಂದು ತಮಾಷೆ ಮಾಡಬಹುದು. ಆದರೆ ಹೊರಗೆ ನಿಂತು ವಾದಿಸುವ ಒಂದು ಬಾಯಿ ಕಡಿಮೆಯಾಯಿತು ಎಂಬುದು ತಮಾಷೆಯಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ಜಬಲ್ಪುರ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ, ಎಲ್ಲ ಹೈಕೋರ್ಟುಗಳ ಇಂಥ ಧೈರ್ಯವನ್ನು ನಾಲ್ಕಕ್ಕೆ ಒಂದರ ಬಹುಮತದಿಂದ ಅಳಿಸಿಹಾಕಿತು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದೇ ವರ್ಷ ಚಂದ್ರಶೇಖರ್ ಅಲಹಾಬಾದಿಗೂ ಸದಾನಂದಸ್ವಾಮಿ ಗುವಾಹಟಿಗೂ ವರ್ಗವಾದರು.

ಈ ಜೈಲಿನ ಕಾಗದಗಳ ಬಗ್ಗೆ ಇನ್ನೆರಡು ಸಂಗತಿ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ದಂಡವತೆ ಬೆಂಗಳೂರಿನಲ್ಲಿದ್ದಾಗ ಅವರ ಹೆಂಡತಿ ಪ್ರಮೀಳಾ ಪುಣೆಯ ಯರವಡಾ ಜೈಲಿನಲ್ಲಿದ್ದರು. ಗಂಡ-ಹೆಂಡತಿ ಒಂದು ಜೈಲಿನಿಂದ ಇನ್ನೊಂದು ಜೈಲಿಗೆ ಕಾಗದ ಬರೆದುಕೊಂಡರು. ಎರಡು ಜೈಲುಗಳ ಕಚೇರಿ ದಾಟಿ ಬಂದ ದಾಂಪತ್ಯ ಅದು. ಇನ್ನೊಂದು, ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವು ಕಂಡ ಸ್ನೇಹಲತಾ ರೆಡ್ಡಿಯವರದು. 1976ರ ಮೇ ತಿಂಗಳಿಂದ ಎಂಟು ತಿಂಗಳು ಅವರು ಇಲ್ಲಿದ್ದರು. ಆಸ್ತಮಾ ಹೆಚ್ಚುತ್ತ ಹೋಯಿತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ, ಜನವರಿ 20ರಂದು ತೀರಿಕೊಂಡರು. ಅವರು ಒಳಗೆ ಬರೆದ ದಿನಚರಿ ಆಮೇಲೆ ಪುಸ್ತಕವಾಗಿ ಬಂತು. ಬರೆದದ್ದು ಹೊರಗೆ ತಲುಪಿತು, ತಲುಪಬೇಕಾದ ಹೊತ್ತಿಗೆ ಮಾತ್ರ ತಲುಪಲಿಲ್ಲ.

ಇದೇ ಹೊತ್ತಿಗೆ ಹೊರಗಿನ ಪ್ರಪಂಚದಲ್ಲಿ ಏನಾಗುತ್ತಿತ್ತು ಎಂದು ನೋಡಿದರೆ ಒಂದು ಕಾಕತಾಳೀಯ ಕಾಣುತ್ತದೆ. ಬೆಂಗಳೂರಿನ ಬಂಧನಗಳಿಗೆ ಸರಿಯಾಗಿ ಒಂದು ವರ್ಷ ಮೊದಲು, 1974ರ ಜೂನ್ 26ರಂದು, ಅಮೆರಿಕದ ಸುಪ್ರೀಂ ಕೋರ್ಟ್ ನೆಬ್ರಾಸ್ಕಾದ ಒಂದು ಜೈಲಿನ ಪ್ರಕರಣದಲ್ಲಿ (ವೋಲ್ಫ್ ಮತ್ತು ಮ್ಯಾಕ್‌ಡೊನೆಲ್ ನಡುವಿನದು) ವಕೀಲರ ಕಾಗದಕ್ಕೆ ಒಂದು ಸರಳ ಪದ್ಧತಿಯನ್ನು ಒಪ್ಪಿತು. ವಕೀಲರಿಂದ ಬಂದ ಲಕೋಟೆಯಲ್ಲಿ ನಿಷಿದ್ಧ ವಸ್ತು ಇದೆಯೇ ಎಂದು ನೋಡಲು ಜೈಲಿನವರು ತೆರೆಯಬಹುದು. ಆದರೆ ಕೈದಿಯ ಕಣ್ಣೆದುರಿಗೇ ತೆರೆಯಬೇಕು, ಒಳಗಿನದನ್ನು ಓದಬಾರದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೊಟ್ಟಣವನ್ನು ಅಲುಗಾಡಿಸಿ ನೋಡು, ಒಳಗಿನ ಸಂದೇಶ ನಿನ್ನದಲ್ಲ! ಮರುವರ್ಷ ಫೆಬ್ರವರಿಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಗೋಲ್ಡರ್ ಎಂಬ ಇಂಗ್ಲಿಷ್ ಕೈದಿಯ ಪರ ತೀರ್ಪು ಕೊಟ್ಟಿತು. ಅವನು ಕೇಳಿದ್ದು, ಜೈಲಿನ ಒಬ್ಬ ಅಧಿಕಾರಿಯ ಮೇಲೆ ದಾವೆ ಹೂಡುವ ಬಗ್ಗೆ ವಕೀಲರನ್ನು ವಿಚಾರಿಸಲು ಅನುಮತಿ. ಬ್ರಿಟನ್ನಿನ ಗೃಹಖಾತೆ ಕೊಟ್ಟಿರಲಿಲ್ಲ. ವಕೀಲರ ಬಳಿ ಹೋಗದಂತೆ ತಡೆಯುವುದೆಂದರೆ ಕೋರ್ಟಿನ ಬಾಗಿಲನ್ನೇ ಮುಚ್ಚಿದಂತೆ ಎಂಬುದು ಆ ತೀರ್ಪಿನ ತಿರುಳು.

ನಮ್ಮಲ್ಲಿ ಬಾಗಿಲು ತೆರೆದದ್ದು ತುರ್ತು ಪರಿಸ್ಥಿತಿಯ ನಂತರ. ತುರ್ತು ಪರಿಸ್ಥಿತಿಯ ಪಾಪಪ್ರಜ್ಞೆಯೂ ಅದಕ್ಕೆ ಒಂದು ಕಾರಣ ಎಂದು ನನ್ನ ಅನಿಸಿಕೆ. 1978ರ ಆಗಸ್ಟಿನ ಹೊಸ್ಕೋಟ್ ಪ್ರಕರಣ ನಮಗೆ ಹತ್ತಿರದ್ದು, ಏಕೆಂದರೆ ಅದರ ನಡುವೆ ಇದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮೊಹರು. ಸೌರಾಷ್ಟ್ರ ವಿಶ್ವವಿದ್ಯಾಲಯದ ಒಬ್ಬ ರೀಡರ್, ಸ್ವತಃ ಪಿಎಚ್.ಡಿ. ಮಾಡಿದವರು, ಮುಂಬಯಿಯ ಒಬ್ಬ ಬ್ಲಾಕ್ ತಯಾರಕನ ಬಳಿ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಮೊಹರಿನ ಅಚ್ಚು ಮಾಡಿಕೊಡಲು ಹೇಳಿದರು, ಖೋಟಾ ಪದವಿಪತ್ರಕ್ಕಾಗಿ. ಅಧಿಕಾರಪತ್ರವೂ ಖೋಟಾ. ಬ್ಲಾಕ್ ತಯಾರಕ ಪೊಲೀಸರಿಗೆ ತಿಳಿಸಿದ. ಸೆಷನ್ಸ್ ಕೋರ್ಟ್ ‘ಕೋರ್ಟು ಏಳುವವರೆಗೆ ಸಜೆ’ ಮತ್ತು ದಂಡ ಎಂದು ಮುಗಿಸಿದ್ದನ್ನು ಬಾಂಬೆ ಹೈಕೋರ್ಟ್ 1973ರಲ್ಲಿ ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಬಂದದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ. ಏಕೆ ತಡ? ತೀರ್ಪಿನ ಪ್ರತಿ ನನ್ನ ಕೈಗೆ ಬಂದೇ ಇಲ್ಲ ಎಂದರು ಕೈದಿ. ಯರವಡಾ ಜೈಲಿನವರು ಹೇಳಿದ್ದು, ಕೊಟ್ಟಿದ್ದೆವು, ಆದರೆ ರಾಜ್ಯಪಾಲರಿಗೆ ಹೋಗುವ ದಯಾ ಅರ್ಜಿಗೆ ಲಗತ್ತಿಸಲು ವಾಪಸು ತೆಗೆದುಕೊಂಡೆವು ಎಂದು. ಕೊಟ್ಟದ್ದಕ್ಕೆ ರಸೀತಿ? ಇಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಮೇಲ್ಮನವಿಯ ಹಕ್ಕು ಕಾನೂನಿನಲ್ಲಿದೆ, ಆದರೆ ಅದನ್ನು ಬಳಸಲು ಬೇಕಾದ ನಾಲ್ಕು ಹಾಳೆ ಜೈಲಿನ ಕಪಾಟಿನಲ್ಲಿದೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೈದಿಯ ಅರ್ಜಿಯನ್ನು ವಜಾ ಮಾಡಿದರು, ತಪ್ಪು ಮಾಡಿದವನ ಬಗ್ಗೆ ಕರುಣೆ ಉಕ್ಕಿಸಲಿಲ್ಲ. ಆದರೆ ಮುಂದೆ ಯಾರಿಗೂ ಹೀಗಾಗಬಾರದೆಂದು ಕಟ್ಟುಪಾಡು ಹಾಕಿದರು. ಸಜೆಯ ತೀರ್ಪಿನ ಪ್ರತಿ ಕೈದಿಗೆ ಉಚಿತವಾಗಿ, ಬೇಗ ಸಿಗಬೇಕು. ಜೈಲಿನ ಮೂಲಕ ಬಂದರೆ ಜೈಲಿನವರು ಅದನ್ನು ತಲುಪಿಸಿ ಲಿಖಿತ ಸ್ವೀಕೃತಿ ಪಡೆಯಬೇಕು. ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು. ಖೋಟಾ ಕಾಗದ ಮಾಡಹೊರಟವನೊಬ್ಬನ ಮೊಕದ್ದಮೆಯಿಂದ ಲಕ್ಷಾಂತರ ಕೈದಿಗಳಿಗೆ ಅಸಲಿ ಕಾಗದದ ಹಕ್ಕು ಬಂತು. ಇತಿಹಾಸಕ್ಕೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಈ ತೀರ್ಪು ಓದಬೇಕು.

ಮರುವರ್ಷ ತಿಹಾರ್ ಜೈಲಿನ ಸುನಿಲ್ ಬಾತ್ರಾ ಎಂಬ ಕೈದಿ ತನ್ನ ಜೊತೆಗಾರನೊಬ್ಬನಿಗೆ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೇ ಕಾಗದ ಬರೆದ. ಕೋರ್ಟ್ ಅದನ್ನೇ ಅರ್ಜಿಯೆಂದು ತೆಗೆದುಕೊಂಡಿತು. 1979ರ ಡಿಸೆಂಬರಿನ ಆ ತೀರ್ಪಿನಲ್ಲಿ ನಮ್ಮ ವಿಷಯದ ಎರಡು ಮಾತುಗಳಿವೆ. ನ್ಯಾಯಾಧೀಶರು ನೇಮಿಸಿದ ವಕೀಲರಿಗೆ ಕೈದಿಗಳೊಡನೆ ಭೇಟಿಗೂ ಗೌಪ್ಯ ಸಂಪರ್ಕಕ್ಕೂ ಅವಕಾಶ ಕೊಡಬೇಕು (ಶಿಸ್ತು, ಭದ್ರತೆಗೆ ಒಳಪಟ್ಟು). ಜೈಲುಗಳಲ್ಲಿ ದೂರುಪೆಟ್ಟಿಗೆ ಇಡಬೇಕು. 1981ರ ಜನವರಿಯಲ್ಲಿ ಫ್ರಾನ್ಸಿಸ್ ಕೊರಲಿ ಮುಲಿನ್ ಎಂಬ ಬ್ರಿಟಿಷ್ ಮಹಿಳೆಯ ಪ್ರಕರಣದಲ್ಲಿ ಕೋರ್ಟ್ ಇನ್ನೊಂದು ಹೆಜ್ಜೆ ಹಾಕಿತು. ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೂ ವಕೀಲರ ಭೇಟಿ ಜೀವಿಸುವ ಹಕ್ಕಿನ ಭಾಗ, ಅಧಿಕಾರಿ ದೂರದಿಂದ ನೋಡುತ್ತಿರಬಹುದು, ಮಾತು ಕಿವಿಗೆ ಬೀಳುವಷ್ಟು ಹತ್ತಿರ ಇರಕೂಡದು. 22ನೇ ವಿಧಿಯ ಮೂರನೆಯ ಖಂಡ ಮುಚ್ಚಿದ್ದನ್ನು 21ನೇ ವಿಧಿಯ ಕಿಟಕಿಯಿಂದ ತೆರೆದ ಹಾಗಾಯಿತು.

ಆದರೆ ನೋಡಿ, ಮಾತಿಗೆ ಇಷ್ಟು ದೂರ ಎಂದು ಅಳತೆ ಸಿಕ್ಕಿತು. ಕಾಗದಕ್ಕೆ ‘ಕಣ್ಣೆದುರಿಗೆ ತೆರೆ, ಓದಬೇಡ’ ಎಂಬಂಥ ಅಳತೆ ಈ ತೀರ್ಪುಗಳಲ್ಲಿ ಸಿಗಲಿಲ್ಲ.

ಈಗ ಮತ್ತೆ ಬೆಂಗಳೂರಿನ ಅದೇ ಜೈಲು. 1984ರ ಏಪ್ರಿಲ್ ತಿಂಗಳಲ್ಲಿ ರಾಮಮೂರ್ತಿ ಎಂಬ ಕೈದಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ವಾಜಪೇಯಿ, ಅಡ್ವಾಣಿಯವರಂತೆ ಅವರ ಪರವಾಗಿ ಹೆಸರಾಂತ ವಕೀಲರ ಸಾಲು ನಿಂತಿರಲಿಲ್ಲ. ಕಾಗದದ ಮುಖ್ಯ ದೂರು ಕೂಲಿಯದ್ದು. ಜೈಲಿನ ವಿಭಾಗಗಳಲ್ಲಿ ಮೈಮುರಿದು ದುಡಿದರೂ ನ್ಯಾಯವಾದ ಕೂಲಿ ಕೊಡುವುದಿಲ್ಲ ಎಂದು. ಊಟ ತಿನ್ನುವ ಹಾಗಿಲ್ಲ, ಮಾನಸಿಕ ದೈಹಿಕ ಹಿಂಸೆ ಇದೆ ಎಂಬ ಮಾತೂ ಇತ್ತು. ಕೋರ್ಟ್ ಕಾಗದವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಬಾತ್ರಾ ತುಳಿದ ದಾರಿ ಬೆಂಗಳೂರಿಗೂ ಬಂತು ಎಂದು ಹೆಮ್ಮೆಪಡಬಹುದಿತ್ತು... ಆದರೆ ತಾರೀಖುಗಳನ್ನು ನೋಡಿ. ಜೈಲಿಗೆ ಹೋಗಿ ಪರಿಸ್ಥಿತಿ ನೋಡಿ ಬನ್ನಿ ಎಂದು ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ ಹೇಳಿದ್ದು 1992ರ ನವೆಂಬರಿನಲ್ಲಿ. ಅವರ ದ‍ಪ್ಪ ವರದಿ ಬಂದದ್ದು 1993ರ ಏಪ್ರಿಲಿನಲ್ಲಿ. ತೀರ್ಪು ಹೊರಬಿದ್ದದ್ದು 1996ರ ಡಿಸೆಂಬರ್ 23ರಂದು. ಒಂದು ಕಾಗದಕ್ಕೆ ಹನ್ನೆರಡು ವರ್ಷ ಎಂಟು ತಿಂಗಳ ಉತ್ತರ. ಆ ಹೊತ್ತಿಗೆ ಹುಟ್ಟಿದ ಮಗು ಹೈಸ್ಕೂಲಿನ ಹತ್ತಿರ ಬಂದಿರುತ್ತದೆ.

ನ್ಯಾಯಮೂರ್ತಿ ಹನ್ಸಾರಿಯಾ ಬರೆದ ಆ ತೀರ್ಪು ಅಂತಃಕರಣವುಳ್ಳದ್ದು, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ಒಂದು ಕಾಗದವನ್ನು ಹಿಡಿದು ಇಡೀ ದೇಶದ ಜೈಲುಗಳ ಒಂಬತ್ತು ಕಾಯಿಲೆಗಳನ್ನು ಅದು ಹೆಸರಿಸಿತು. ಕಿಕ್ಕಿರಿದ ಬ್ಯಾರಕ್ಕುಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯ, ಊಟ-ಬಟ್ಟೆ ಹೀಗೆ. ಅವುಗಳಲ್ಲೊಂದು ಸಂಪರ್ಕದ ಕೊರತೆ. ಜೈಲಿಗೆ ಹಾಕಿದ ಮಾತ್ರಕ್ಕೆ ಮನುಷ್ಯ ಹೊರಲೋಕದಿಂದ ಕಡಿದುಹೋಗಬೇಕಿಲ್ಲ ಎಂದಿತು. ಕಾಗದಗಳ ಸಂಖ್ಯೆಗೆ ಇಟ್ಟ ಅನಗತ್ಯ ಮಿತಿಯ ಬಗ್ಗೆ ಮಾತಾಡಿತು. ಕೊನೆಯಲ್ಲಿ ಸರ್ಕಾರಗಳಿಗೆ ಕೊಟ್ಟ ನಿರ್ದೇಶನಗಳ ಪಟ್ಟಿಯಿದೆ. ಅದರ ಕ್ರಿಯಾಪದಗಳನ್ನು ನಾನು ಎರಡೆರಡು ಸಲ ಓದಿದೆ. ಸಂದರ್ಶನದ ವ್ಯವಸ್ಥೆಗೆ ‘ಕ್ರಮ ಕೈಗೊಳ್ಳಿ’ ಎಂಬ ಧಾಟಿ ಇದೆ. ಸಂಪರ್ಕ ಸೌಲಭ್ಯ ಸಡಿಲಿಸುವ ಬಗ್ಗೆ ‘ಆಲೋಚಿಸಿ’. ಬಯಲು ಬಂದೀಖಾನೆಯ ಬಗ್ಗೆ ‘ಮೆಲುಕು ಹಾಕಿ’. ದೂರುಪೆಟ್ಟಿಗೆಯ ಅಗತ್ಯದ ಬಗ್ಗೆ ‘ಚಿಂತಿಸಿ’. ದೂರುಪೆಟ್ಟಿಗೆ! ಹದಿನೇಳು ವರ್ಷ ಹಿಂದೆ, ಬಾತ್ರಾ ಪ್ರಕರಣದಲ್ಲಿ, ಇದೇ ಕೋರ್ಟ್ ‘ಇಡಬೇಕು’ ಎಂದು ಆಜ್ಞೆ ಮಾಡಿದ ಪೆಟ್ಟಿಗೆ ಅದು. 1979ರಲ್ಲಿ ಆಜ್ಞೆಯಾಗಿದ್ದದ್ದು 1996ಕ್ಕೆ ಚಿಂತನೆಯ ವಿಷಯವಾಯಿತು. ನನ್ನ ತಂಡದಲ್ಲಿ ಯಾರಾದರೂ ಹದಿನೇಳು ವರ್ಷದ ಹಿಂದೆ ಮುಗಿದ ಕೆಲಸವನ್ನು ಮತ್ತೆ ‘ಪರಿಶೀಲನೆಯಲ್ಲಿದೆ’ ಪಟ್ಟಿಗೆ ಸೇರಿಸಿದ್ದರೆ ಅದು ಮುಗಿದೇ ಇರಲಿಲ್ಲ ಎಂದು ತಿಳಿಯುತ್ತಿದ್ದೆ.

ಇನ್ನೊಂದು ತಾರೀಖು. ಈ ತೀರ್ಪಿಗೆ ಐದು ದಿನ ಮೊದಲು, 1996ರ ಡಿಸೆಂಬರ್ 18ರಂದು, ಅದೇ ಸುಪ್ರೀಂ ಕೋರ್ಟ್ ಟೆಲಿಫೋನ್ ಕದ್ದಾಲಿಕೆಯ ಪ್ರಕರಣದಲ್ಲಿ ಫೋನಿನ ಮಾತುಕತೆ ಮನುಷ್ಯನ ಖಾಸಗಿತನದ ಭಾಗ, ಬೇಕಾಬಿಟ್ಟಿ ಕದ್ದು ಕೇಳುವಂತಿಲ್ಲ ಎಂದಿತ್ತು. ಯಾರು ಆದೇಶ ಕೊಡಬಹುದು, ಎಷ್ಟು ದಿನಕ್ಕೆ, ಯಾರು ಪರಿಶೀಲಿಸಬೇಕು ಎಂದು ಕಟ್ಟುನಿಟ್ಟು ಮಾಡಿತ್ತು. ಮನೆಯಲ್ಲಿ ಫೋನ್ ಇದ್ದವರ ಮಾತಿಗೆ ಅಷ್ಟು ಕಾವಲು, ಅದೇ ವಾರ ಜೈಲಿನಿಂದ ಹೊರಡುವ ಕಾಗದಕ್ಕೆ ‘ಆಲೋಚಿಸಿ’. ಎರಡು ತೀರ್ಪುಗಳೂ ಒಂದನ್ನೊಂದು ಭೇಟಿಯಾಗಲಿಲ್ಲ.

ಭೇಟಿಯಾಗುವ ದಾರಿಯನ್ನು ತೆರೆದವರು, ಮತ್ತೆ, ನಮ್ಮವರೇ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಕೆ. ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಬೆಂಗಳೂರು ಜೈಲಿನ ಬಂಧಿತರನ್ನು ಸೋಲಿಸಿದ್ದ 1976ರ ಜಬಲ್ಪುರ ತೀರ್ಪು ರದ್ದಾದದ್ದೂ ಅಲ್ಲಿಯೇ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ತೀರ್ಪನ್ನು ಜೈಲಿನ ಲಕೋಟೆಗೆ ಹಚ್ಚಿ ನೋಡುವ ಕೆಲಸ ಮುಂದಿನವರದು.

ಜೈಲಿನವರ ಆತಂಕ ಪೂರ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಪರಪ್ಪನ ಅಗ್ರಹಾರದೊಳಗೆ ಮೊಬೈಲು, ಸಿಗರೇಟು ಸಿಕ್ಕ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ವಕೀಲರ ಹೆಸರಿನಲ್ಲಿ ಯಾರು ಬೇಕಾದರೂ ಲಕೋಟೆ ಕಳಿಸಬಹುದು. ಆದರೆ ಮೊಬೈಲು ಒಳಗೆ ಹೋಗುವುದು ಅಂಟಿಸಿದ ಲಕೋಟೆಯಲ್ಲಿ ಅಲ್ಲ. ದುಡ್ಡಿದ್ದವನಿಗೆ ಕಾಗದವೇ ಬೇಕಾಗಿಲ್ಲ, ವಕೀಲರು ವಾರಕ್ಕೆ ಎರಡು ಸಲ ಬಂದು ಹೋಗುತ್ತಾರೆ. ಕಾಗದ ಬೇಕಾದದ್ದು ರಾಮಮೂರ್ತಿಯಂಥವರಿಗೆ. ಕೈದಿಯ ಎದುರಿಗೇ ತೆರೆದು, ಕೊಡವಿ, ಓದದೆ ಕೊಡಲು ಜೈಲಿಗೆ ಬೇಕಾದದ್ದು ಒಂದು ಮೇಜು ಮತ್ತು ಒಂದು ರಿಜಿಸ್ಟರು.

ಇಷ್ಟು ದೂರದ ಮುಐದರಿನಲ್ಲಿ ಕೂತು ಇದನ್ನೆಲ್ಲ ಏಕೆ ಬರೆಯಬೇಕು ಎಂದು ನೀವು ಕೇಳಬಹುದು. ನಾವು ಬೇರೆ ದೇಶದ ಕಾನೂನಿನಡಿ ಬದುಕುವವರು. ನಮ್ಮ ಅಂಚೆ ಬಹುಕಾಲ ಬಂದದ್ದು ಮನೆಬಾಗಿಲಿಗಲ್ಲ, ಕಂಪನಿಯ ಅಂಚೆಪೆಟ್ಟಿಗೆಗೆ, ಯಾರದೋ ಕೈ ದಾಟಿ. ಟ್ರಾಫಿಕ್ ಅಪಘಾತವೋ, ವಾಪಸಾದ ಚೆಕ್ಕೋ, ಪ್ರಾಯೋಜಕರ ಜೊತೆಗಿನ ತಕರಾರೋ, ನಮ್ಮವರಲ್ಲಿ ಯಾರಾದರೂ ಒಳಗೆ ಹೋಗುವ ಸಂದರ್ಭ ಬರಬಹುದು. ಆಗ ಕೆಲಸಕ್ಕೆ ಬರುವುದು ಬೆಂಗಳೂರಿನ ತೀರ್ಪಲ್ಲ, 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಭಾರತ, ಕತಾರ್ ಎರಡೂ ಅದಕ್ಕೆ ಸೇರಿದ ದೇಶಗಳು. ಬಂಧಿತನಾದ ವಿದೇಶಿಯನು ತನ್ನ ರಾಯಭಾರ ಕಚೇರಿಗೆ ಬರೆದ ಕಾಗದವನ್ನು ಆ ದೇಶದ ಅಧಿಕಾರಿಗಳು ವಿಳಂಬ ಮಾಡದೆ ಮುಟ್ಟಿಸಬೇಕು. ರಾಯಭಾರ ಕಚೇರಿಯವರು ಅವನನ್ನು ಕಾಣಬಹುದು, ಪತ್ರವ್ಯವಹಾರ ಮಾಡಬಹುದು, ವಕೀಲರನ್ನು ಗೊತ್ತುಮಾಡಬಹುದು. ಕುಲಭೂಷಣ ಜಾಧವ್ ಪ್ರಕರಣದಲ್ಲಿ ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 2019ರ ಜುಲೈಯಲ್ಲಿ ಗೆದ್ದದ್ದು ಈ ವಿಧಿಯ ಬಲದ ಮೇಲೆ.

ಆದರೆ ಈ ವಿಧಿಯೂ ಕಾಗದ ತಲುಪಬೇಕು ಎನ್ನುತ್ತದೆ, ಓದಬಾರದು ಎನ್ನುವುದಿಲ್ಲ. ಅದನ್ನು ಹೇಳುವುದು 2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ, ನೆಲ್ಸನ್ ಮಂಡೇಲಾ ಹೆಸರಿನ ನಿಯಮಗಳು. 61ನೇ ನಿಯಮದ ಪ್ರಕಾರ ಕೈದಿ ತನ್ನ ವಕೀಲರೊಡನೆ ವಿಳಂಬ, ತಡೆ, ಸೆನ್ಸಾರ್ ಯಾವುದೂ ಇಲ್ಲದೆ ಪೂರ್ಣ ಗೌಪ್ಯವಾಗಿ ಸಂಪರ್ಕಿಸಬಹುದು. ಸಿಬ್ಬಂದಿ ನೋಡಬಹುದು, ಕೇಳಿಸಿಕೊಳ್ಳಬಾರದು. 1894ರ ಕಾಯಿದೆ ಭೇಟಿಗೆ ಮಾತ್ರ ಕೊಟ್ಟದ್ದು ಇಲ್ಲಿ ಎಲ್ಲ ಬಗೆಯ ಸಂಪರ್ಕಕ್ಕೂ ವಿಸ್ತರಿಸಿತು. ಇವು ಮಾರ್ಗಸೂಚಿಗಳು, ಯಾವ ದೇಶವನ್ನೂ ಒಪ್ಪಂದದಂತೆ ಕಟ್ಟಿಹಾಕುವುದಿಲ್ಲ. ನಮ್ಮ ಕೇಂದ್ರ ಗೃಹ ಮಂತ್ರಾಲಯ 1894ರ ಕಾಯಿದೆಯ ಬದಲಿಗೆಂದು 2023ರ ಮೇ ತಿಂಗಳಲ್ಲಿ ಒಂದು ಮಾದರಿ ಕಾಯಿದೆ ಸಿದ್ಧಪಡಿಸಿತು. ಜೈಲು ರಾಜ್ಯಗಳ ವಿಷಯವಾದ್ದರಿಂದ ಅದೂ ರಾಜ್ಯಗಳು ಒಪ್ಪಿದ ಮೇಲೆಯೇ ಕಾನೂನು.

61ನೇ ನಿಯಮದಲ್ಲಿ ಎರಡನೆಯ ಭಾಗವೊಂದಿದೆ. ಕೈದಿಗೆ ಆ ಊರಿನ ಭಾಷೆ ಬಾರದಿದ್ದರೆ, ಜೈಲಿಗೆ ಸೇರದ, ಸ್ವತಂತ್ರ ದುಭಾಷಿಯೊಬ್ಬರು ಸಿಗುವಂತೆ ಜೈಲಿನವರು ನೋಡಿಕೊಳ್ಳಬೇಕು. ಕನ್ನಡವೋ ತುಳುವೋ ಮಾತ್ರ ಬಲ್ಲ ಒಬ್ಬ ಡ್ರೈವರ್, ಅರಬ್ಬಿ ಬಲ್ಲ ಒಬ್ಬ ವಕೀಲರು. ನಡುವೆ ಕೂತು ಕಾಗದ ಓದಿ ಹೇಳಬಲ್ಲವರು ದೋಹಾದಲ್ಲಿ ಎಷ್ಟು ಜನರಿದ್ದಾರೆ ಎಂದು ನಮ್ಮ ಕೂಟದಲ್ಲೇ ಒಂದು ಪಟ್ಟಿ ಮಾಡಿಟ್ಟುಕೊಳ್ಳಬಹುದು. ಕೇಳಿದ್ದನ್ನು ಹೊರಗೆ ಹೇಳದವರು ಬೇಕು.